ಶೇಷಗಿರಿ ಮಾಮನ ವೋಟು

ಮೊನ್ನೆಯ ಚುನಾವಣೆಯಲ್ಲಿ ನಾನು ಎರಡು ವೋಟು ಹಾಕಿದೆ.

ಗಾಬರಿಯಾಗಬೇಡಿ. ಕಳ್ಳವೋಟಲ್ಲ. ಬೂತಿನ ಅಧಿಕಾರಿಯ ಕಣ್ಣೆದುರಿಗೇ, ಅವರ ಒಪ್ಪಿಗೆ ಪಡೆದು, ಸಹಿ ಹಾಕಿ ಒತ್ತಿದ ವೋಟು. ಮೊದಲನೆಯದು ನನ್ನದು. ಎರಡನೆಯದು ಶೇಷಗಿರಿ ಮಾಮನದು. ನನ್ನದನ್ನು ಒತ್ತಿ ಮುಗಿಸಿ ಬಂದದ್ದು ನನಗೆ ನೆನಪೇ ಇಲ್ಲ. ಮಾಮನದು ಮಾತ್ರ ಒಂದು ವಾರ ನನ್ನ ನಿದ್ದೆ ಕೆಡಿಸಿತ್ತು.

ಶೇಷಗಿರಿ ಮಾಮ ನನ್ನ ತಾಯಿಯ ಅಣ್ಣನಲ್ಲ. ದೆಹಲಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ನಿಜವಾದ ಸೋದರಮಾವಂದಿರು ಬೇಸಿಗೆ ರಜೆಯಲ್ಲಷ್ಟೇ ಸಿಗುತ್ತಾರೆ. ಉಳಿದ ದಿನಗಳಿಗೆಲ್ಲ ಮೇಲಿನ ಮಹಡಿಯವರೇ ಮಾಮ. ಹೌಜ್ ಖಾಸ್ ಕಡೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವು ಕೆಳಗೆ, ಅವರು ಮೇಲೆ. ಅಪ್ಪನೂ ಅವರೂ ಒಂದೇ ಕಚೇರಿಯಲ್ಲಿ ಗುಮಾಸ್ತರು. ನನ್ನನ್ನು ಸ್ಕೂಲಿಗೆ ಸೇರಿಸಿದ್ದು ಮಾಮ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಕಾದದ್ದು ಮಾಮ. ನನ್ನ ಮದುವೆಯಲ್ಲಿ ಅಡುಗೆಯವರ ಜೊತೆ ಜಗಳವಾಡಿ ಹೋಳಿಗೆ ಎರಡನೇ ಸಲ ಬಡಿಸುವಂತೆ ಮಾಡಿದ್ದೂ ಅವರೇ. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಈ ಊರಿನಲ್ಲಿ ನನಗೆ ತವರು ಅಂತ ಉಳಿದಿರುವುದು ಮಾಮನ ಮನೆಯೊಂದೇ.

(ಹೆಸರು ಬದಲಿಸಿದ್ದೇನೆ. ಅದು ಮಾಮನ ಷರತ್ತು. ಪಕ್ಷಗಳ ಹೆಸರನ್ನೂ ಬರೆಯುವ ಹಾಗಿಲ್ಲ. ಅದೂ ಅವರದೇ ಷರತ್ತು.)

ಪಕ್ಷದ ಹೆಸರಿಲ್ಲದೆ ಚುನಾವಣೆಯ ಕಥೆ ಹೇಳುವುದು ಹೇಗೆ ಅನ್ನುತ್ತೀರಾ? ಕಷ್ಟವೇನಿಲ್ಲ. ನಮ್ಮ ಕಡೆ ಪಕ್ಷಗಳನ್ನು ಮೇಜುಗಳಿಂದಲೇ ಗುರುತಿಸುತ್ತೇವೆ. ಮತದಾನದ ದಿನ ಸ್ಕೂಲಿನಿಂದ ಸ್ವಲ್ಪ ದೂರದಲ್ಲಿ ಪ್ರತಿ ಪಕ್ಷದವರೂ ಒಂದೊಂದು ಮೇಜು ಹಾಕಿಕೊಂಡು ಕೂರುತ್ತಾರಲ್ಲ, ಹೆಸರು ಹುಡುಕಿ, ಕ್ರಮಸಂಖ್ಯೆ ಬರೆದು ಚೀಟಿ ಕೊಡಲು, ಆ ಮೇಜುಗಳು. ಒಂದು ಮೇಜು ತಲೆತಲಾಂತರದಿಂದ ಬೇವಿನ ಮರದ ಕೆಳಗೆ. ಇನ್ನೊಂದು ಪಾರ್ಕಿನ ಗೇಟಿನ ಹತ್ತಿರ. ಚೀಟಿ ಎಲ್ಲಿ ತೆಗೆದುಕೊಂಡರೂ ನಂಬರು ಒಂದೇ. ಆದರೆ ಯಾರು ಯಾವ ಮೇಜಿನ ಮುಂದೆ ನಿಂತರು ಅನ್ನುವುದನ್ನು ಇಡೀ ಮೊಹಲ್ಲಾ ನೋಡುತ್ತಿರುತ್ತದೆ. ವೋಟು ಗುಪ್ತ, ಚೀಟಿ ಬಹಿರಂಗ!

ಕ್ವಾರ್ಟರ್ಸಿನಲ್ಲಿ ನಾವೆಲ್ಲ ಬೇವಿನ ಮೇಜಿನವರು. ಅಪ್ಪ ಬೇವಿನವರು, ಮಾಮ ಬೇವಿನವರು, ಎದುರುಮನೆಯ ಪಂಜಾಬಿಗಳೂ ಬೇವಿನವರು. ಸರ್ಕಾರಿ ನೌಕರರು ರಾಜಕೀಯ ಮಾಡಬಾರದು ಎಂಬ ನಿಯಮವಿದ್ದದ್ದರಿಂದ ಎಲ್ಲ ಪಿಸುಮಾತಿನಲ್ಲೇ ನಡೆಯುತ್ತಿತ್ತು. ಮಾಮ ಸರ್ವಿಸು ಪೂರ್ತಿ ಪಿಸುಗುಟ್ಟಿದವರು. ರಿಟೈರ್ ಆಗಿ ಕ್ವಾರ್ಟರ್ಸ್ ಬಿಟ್ಟು ಹತ್ತಿರದ ಗಲ್ಲಿಯ ಬಾಡಿಗೆ ಮನೆಗೆ ಹೋದ ಮೇಲೆ ಬಂದ ಮೊದಲ ಚುನಾವಣೆಗೇ ಮನೆಯಿಂದ ಕುರ್ಚಿ ಹೊತ್ತುಕೊಂಡು ಹೋಗಿ ಬೇವಿನ ಮೇಜಿನ ಹಿಂದೆ ಕೂತುಬಿಟ್ಟರು. ಆಮೇಲೆ ಕಾರ್ಪೊರೇಶನ್ನಿರಲಿ, ಅಸೆಂಬ್ಲಿಯಿರಲಿ, ಪಾರ್ಲಿಮೆಂಟಿರಲಿ, ಆ ಕುರ್ಚಿ ತಪ್ಪಿಲ್ಲ.

ನಾನು? ಇಪ್ಪತ್ತನೇ ವಯಸ್ಸಿನಲ್ಲಿ ಮೂರನೆಯ ಮೇಜಿನಲ್ಲಿದ್ದೆ. ಯಾರೂ ಚೀಟಿ ತೆಗೆದುಕೊಳ್ಳದ ಮೇಜು. ಒಂದು ಕೆಂಪು ಬಟ್ಟೆ, ಇಬ್ಬರು ಗಡ್ಡದವರು, ನಾನು. ಅಪ್ಪ ಮಾತಾಡುವುದನ್ನೇ ಬಿಟ್ಟಿದ್ದರು. ಮಾಮನೇ ಅಪ್ಪನನ್ನು ಸಮಾಧಾನ ಮಾಡಿದ್ದು: "ಮದುವೆಯಾಗಿ ಗ್ಯಾಸ್ ಸಿಲಿಂಡರಿಗೆ ಕ್ಯೂ ನಿಲ್ಲಲಿ ಬಿಡೋ. ತಾನಾಗೇ ಬೇವಿನ ಮರದ ಕೆಳಗೆ ಬರ್ತಾಳೆ." ಮದುವೆಯಾಯಿತು, ಮನೆ ಮಾಡಿದ್ದೂ ಅದೇ ಕ್ವಾರ್ಟರ್ಸಿನಲ್ಲಿ. ಸಿಲಿಂಡರಿಗೆ ಕ್ಯೂ ನಿಂತೆ. ಬಂದೆ. ಮಾಮನ ಬಾಯಿಗೆ ಸಕ್ಕರೆ ಹಾಕಬೇಕು.

ಆಮೇಲೆ ನಾವು ರಸ್ತೆ ದಾಟಿದೆವು. ನಿಜವಾಗಿಯೂ ರಸ್ತೆಯನ್ನಷ್ಟೇ. ನನ್ನ ಯಜಮಾನರಿಗೆ ನೋಯ್ಡಾದ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಲೋನ್ ತೆಗೆದು ಕ್ವಾರ್ಟರ್ಸಿನ ಎದುರಿಗೇ ಮೂರು ಬೆಡ್‌ರೂಮಿನ ಫ್ಲ್ಯಾಟ್ ಕೊಂಡೆವು. ಬೂತು ಅದೇ ಸ್ಕೂಲು, ಬೇವಿನ ಮರವೂ ಅದೇ. ಆದರೆ ಹೊಸ ನೆರೆಹೊರೆಯವರೆಲ್ಲ ಗೇಟಿನ ಮೇಜಿನವರು! ಲಿಫ್ಟಿನಲ್ಲಿ ಗೇಟಿನ ಮಾತು, ಪಾರ್ಕಿಂಗಿನಲ್ಲಿ ಗೇಟಿನ ಮಾತು, ಕಿಟ್ಟಿ ಪಾರ್ಟಿಯಲ್ಲಿ ಟಿಕ್ಕಿಯ ಜೊತೆಗೂ ಅದೇ ಮಾತು. ಮೊದಮೊದಲು ವಾದ ಮಾಡಿದೆ. ಆಮೇಲೆ ಸುಮ್ಮನಾದೆ. ಆಮೇಲೆ "ಅದರಲ್ಲೂ ಸ್ವಲ್ಪ ನಿಜ ಇದೆ" ಅಂದೆ. ಅಷ್ಟು ಅಂದ ಮೇಲೆ ಇನ್ನೇನು ಉಳಿಯಿತು? ಈ ಸಲದ್ದೂ ಸೇರಿ ಎರಡು ಚುನಾವಣೆಗಳಿಂದ ನಾನು ಚೀಟಿ ತೆಗೆದುಕೊಳ್ಳುವುದು ಬೇವಿನ ಮೇಜಿನಲ್ಲಿ, ಒತ್ತುವುದು ಗೇಟಿನವರ ಬಟನ್ನು.

ಕರೋಲ್ ಬಾಗಿನಲ್ಲಿ ಇಪ್ಪತ್ತು ವರ್ಷ ಸೀರೆ ಕೊಂಡ ಅಂಗಡಿಯ ಮುಂದೆ ಬೇರೆ ಅಂಗಡಿಯ ಚೀಲ ಹಿಡಿದು ಹಾದುಹೋಗುವಾಗ ಏನು ಮಾಡುತ್ತೀರಿ? ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತೀರಿ ತಾನೆ? ನಾನು ಮಾಡಿದ್ದೂ ಅಷ್ಟೇ.

ಮುಚ್ಚಿಕೊಳ್ಳಲು ಕಾರಣವೂ ಇತ್ತು. ಆ ಕಾರಣದ ಹೆಸರು ಅಜಿತ.

ಅಜಿತ ಮಾಮನ ಅಳಿಯ. ಮಾಮನ ಒಬ್ಬಳೇ ಮಗಳು ಸುಧಾಳ ಗಂಡ. ಇಬ್ಬರೂ ನೋಯ್ಡಾದಲ್ಲಿದ್ದಾರೆ. ಒಳ್ಳೆಯ ಹುಡುಗ. (ದೆಹಲಿಯಲ್ಲೇ ಬೆಳೆದವನು, ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೇ ಇದನ್ನು ಬರೆಯುತ್ತಿದ್ದೇನೆ.) ಹೋದ ಚುನಾವಣೆಯ ಹೊತ್ತಿಗೆ ಅವನು ತನ್ನ ಹೊಸ ಕಾರಿಗೆ ಗೇಟಿನವರ ಸ್ಟಿಕ್ಕರ್ ಅಂಟಿಸಿದ. ಆ ಭಾನುವಾರವೇ ಅವನ ಮನೆಯ ಊಟದ ಮೇಜಿನಲ್ಲಿ ಮಾವ ಅಳಿಯರ ನಡುವೆ ಮಾತಿಗೆ ಮಾತು ಬೆಳೆಯಿತು. ಮಾಮ ಅರ್ಧ ಊಟಕ್ಕೇ ಎದ್ದು ಆಟೋ ಹಿಡಿದು ಬಂದರು. ಅವತ್ತಿನಿಂದ ಆ ಮನೆಯ ಹೊಸ್ತಿಲು ತುಳಿದಿಲ್ಲ. ಸುಧಾ ತಾನೇ ಬಂದು ಅಪ್ಪನನ್ನು ನೋಡಿಕೊಂಡು ಹೋಗುತ್ತಾಳೆ, ಅಳುತ್ತಾಳೆ, ಮಾಮಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಮಾಮ ಪೇಪರ್ ಓದುತ್ತಿರುತ್ತಾರೆ.

ಒಂದು ಸ್ಟಿಕ್ಕರಿಗೆ ಸ್ವಂತ ಅಳಿಯನನ್ನು ಬಿಟ್ಟವರು, ಒಂದು ಬಟನ್ನಿಗೆ ನನ್ನನ್ನು ಬಿಡುವುದಿಲ್ಲವೇ?

ಹೀಗಿರುವಾಗ ಮತದಾನಕ್ಕೆ ಒಂದು ವಾರವಿದೆ ಅನ್ನುವಾಗ ಮಾಮ ನಮ್ಮ ಮನೆಗೆ ಬಂದರು. ಕಣ್ಣಿಗೆ ಕಪ್ಪು ಕನ್ನಡಕ. ಆಗಷ್ಟೇ ಒಂದು ಕಣ್ಣಿಗೆ ಕ್ಯಾಟರಾಕ್ಟ್ ಆಪರೇಷನ್ ಆಗಿತ್ತು. ಇನ್ನೊಂದು ಕಣ್ಣು ಮೊದಲಿಂದಲೂ ಮಂಜು. ಸೋಫಾದಲ್ಲಿ ಕೂತು, ಕಾಫಿ ಕುಡಿದು, ನೇರವಾಗಿ ವಿಷಯಕ್ಕೆ ಬಂದರು.

"ನೋಡಮ್ಮ, ಮೆಷಿನ್ ಮೇಲಿರೋದು ಒಂದೂ ನನಗೆ ಕಾಣಲ್ಲ. ಕಣ್ಣು ಕಾಣದವರು ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಬಹುದಂತೆ, ಅವರು ಒತ್ತಬಹುದಂತೆ. ನೀನು ಬಾ."

"ಮಾಮಿ ಇದ್ದಾರಲ್ಲ ಮಾಮ?" ಅಂದೆ.

"ಅವಳನ್ನ ಕೇಳ್ದೆ. ‘ನಿಮ್ಮ ಪಕ್ಷ ಸೋತರೆ ನಾನೇ ತಪ್ಪು ಬಟನ್ ಒತ್ತಿದೆ ಅಂತ ಸಾಯೋವರೆಗೂ ಅಂತೀರಿ, ನನಗೆ ಬೇಡಪ್ಪ’ ಅಂದ್ಲು. ಅಜಿತ ಬರ್ತೀನಿ ಅಂತ ಸುಧಾ ಕೈಲಿ ಹೇಳಿ ಕಳಿಸಿದ್ದ. ಬೇಡ ಅಂದೆ. ಇದಕ್ಕೆಲ್ಲ ನಮ್ಮವರೇ ಆಗ್ಬೇಕು."

ನಮ್ಮವರು! ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಓಡಿದೆ.

ಮಾಮ ಹೋದ ಮೇಲೆ ನನ್ನ ಯಜಮಾನರು ಬಿದ್ದುಬಿದ್ದು ನಕ್ಕರು. "ಅಚ್ಛಾ, ನಿಂಗೆ ಒಂದು ವೋಟು ಫ್ರೀ ಸಿಕ್ತು! ಒಳಗೆ ನೀನು ಯಾವುದು ಒತ್ತಿದರೂ ಬೀಪ್ ಸೌಂಡ್ ಒಂದೇ. ಮಾಮನಿಗೆ ಹೇಗೆ ಗೊತ್ತಾಗುತ್ತೆ?"

ಬೈದೆ. ಚೆನ್ನಾಗಿಯೇ ಬೈದೆ. ಆದರೆ ಆ ಮಾತು ತಲೆಯಲ್ಲಿ ಒಂದು ಕ್ಷಣವಾದರೂ ಸುಳಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಮಾಮ ಹೇಳಿದ್ದನ್ನೇ ಒತ್ತುತ್ತೇನೆ, ಅದರಲ್ಲಿ ಅನುಮಾನವಿರಲಿಲ್ಲ. ನನ್ನ ಭಯ ಬೇರೆ. ಒತ್ತಿ ಹೊರಗೆ ಬಂದ ಮೇಲೆ ಮಾಮ ಖುಷಿಯಲ್ಲಿ ಬೆನ್ನು ತಟ್ಟಿ, "ನಿಂದೂ ನಮ್ಮದಕ್ಕೇ ತಾನೆ?" ಅಂತ ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ. ಆಗ? ಈ ಊರಿನಲ್ಲಿ ಯಾರಿಗೆ ಬೇಕಾದರೂ ಸುಳ್ಳು ಹೇಳಬಲ್ಲೆ. ಮಾಮನಿಗೆ ಹೇಳಿದರೆ ನಾಲಿಗೆ ತೊದಲುತ್ತದೆ, ಚಿಕ್ಕಂದಿನಿಂದ ಹಾಗೇ. ನಿಜ ಹೇಳಿದರೆ ನಾನೂ ಅಜಿತನ ಸಾಲಿಗೆ. ನನಗಿರುವ ಒಂದು ತವರೂ ಹೋಗುತ್ತದೆ.

ಮತದಾನದ ದಿನ ಬೆಳಿಗ್ಗೆಯೇ ಲೂ, ಅಂದರೆ ದೆಹಲಿಯ ಬೇಸಿಗೆಯ ಬಿಸಿಗಾಳಿ, ಬೀಸುತ್ತಿತ್ತು. ಬೇವಿನ ಮೇಜಿನ ಹಿಂದೆ ಮಾಮ ಕಪ್ಪು ಕನ್ನಡಕ ಹಾಕಿಕೊಂಡು ಠೀವಿಯಿಂದ ಕೂತಿದ್ದರು. ಕಣ್ಣು ಕಾಣದಿದ್ದರೂ ಕುರ್ಚಿ ಬಿಟ್ಟಿಲ್ಲ! ಹೆಸರು ಹುಡುಕುವ ಕೆಲಸ ಪಕ್ಕದ ಸರ್ದಾರ್ಜಿಯದು, ಬಂದವರ ಕ್ಷೇಮ ವಿಚಾರಿಸುವ ಕೆಲಸ ಮಾಮನದು. ಮೇಜಿನ ಮೇಲೆ ಚಹಾದ ಗ್ಲಾಸು, ಕಚೋರಿ. ಎಲ್ಲ ಹಳೇ ಕಚೇರಿಯ ಗೆಳೆಯರೇ, ಎಲ್ಲರಿಗೂ ಪಿಂಚಣಿ, ಎಲ್ಲರಿಗೂ ಮಂಡಿನೋವು. ನಾನು ಚೀಟಿ ತೆಗೆದುಕೊಂಡೆ. ಮಾಮ ನನ್ನ ಭುಜ ಹಿಡಿದು ಎದ್ದರು. "ಚಲೋ," ಅಂದರು.

ಒಳಗೆ ಮೊದಲು ನನ್ನ ವೋಟು ಮುಗಿಸಿದೆ. ಆಮೇಲೆ ಮಾಮನ ಸರದಿ. ಅಧಿಕಾರಿ ಮಾಮನ ಕಣ್ಣು ನೋಡಿ, ಆಸ್ಪತ್ರೆಯ ಚೀಟಿ ನೋಡಿ, ನನ್ನ ಕಡೆ ತಿರುಗಿದರು. "ಯೇ ಆಪ್ ಕೇ ಕೌನ್ ಹೈಂ?" ಇವರು ನಿಮಗೇನಾಗಬೇಕು ಎಂದು.

"ಮಾಮಾ ಹೈಂ."

"ಸಗೇ?" ಅಂದರು. ಸ್ವಂತ ಮಾಮನೇ ಎಂದು.

ನಾನು ಬಾಯಿ ತೆರೆಯುವ ಮುಂಚೆ ಮಾಮ ಗಟ್ಟಿಯಾಗಿ, "ಸಗೇ ಸೇ ಭೀ ಸಗೇ" ಅಂದುಬಿಟ್ಟರು. ಸ್ವಂತಕ್ಕಿಂತ ಹೆಚ್ಚು. ಕ್ಯೂನಲ್ಲಿದ್ದವರು ನಕ್ಕರು. ನನಗೆ ಅಳು ಬಂತು. ಇನ್ನು ಐದು ನಿಮಿಷಕ್ಕೆ ಈ ಸಂಬಂಧದ ಗತಿ ಏನೋ!

ಗುಟ್ಟು ಕಾಪಾಡುತ್ತೇನೆ ಅಂತ ಸಹಿ ಹಾಕಿದೆ. ರಟ್ಟಿನ ಮರೆಯ ಹಿಂದೆ ಇಬ್ಬರೂ ತಲೆ ತಗ್ಗಿಸಿ ನಿಂತೆವು.

"ಮೇಲಿಂದ ಒಂದೊಂದೇ ಓದು. ಮೆಲ್ಲಗೆ," ಅಂದರು ಮಾಮ.

ಯಾಕೆ ಓದಬೇಕು? ಎಲ್ಲಿ ಒತ್ತಬೇಕೆಂದು ನನಗೆ ಗೊತ್ತಿಲ್ಲವೇ? ಆದರೂ ಓದಿದೆ. ಮೊದಲು ಯಾವುದೋ ಬೇರೆ ಪಕ್ಷದವರು. ಎರಡನೆಯವರೂ ಹಾಗೇ. ಮುಂದಿನದು ಬೇವಿನವರ ಅಭ್ಯರ್ಥಿ. ಹೆಸರು ಓದಿ, ಬೆರಳನ್ನು ಬಟನ್ ಮೇಲೆ ಇಟ್ಟುಕೊಂಡು ನಿಂತೆ.

"ಯಾಕೆ ನಿಂತೆ? ಮುಂದೆ ಓದು."

ಓದಿದೆ. ಮತ್ತೊಂದು ಬೇರೆ ಪಕ್ಷ. ಅದರ ಕೆಳಗೆ ಗೇಟಿನವರು.

"ಹಾಂ. ಅದು."

ಪಾಪ, ಕಿವಿಯೂ ಮಂದವಾಗಿದೆ ಅಂದುಕೊಂಡೆ. ಕಿವಿಯ ಹತ್ತಿರ ಬಾಗಿ, "ಮಾಮ, ಇದು ಗೇಟಿನವರದು" ಅಂದೆ.

"ನನಗೆ ಕಣ್ಣು ಕಾಣಲ್ಲ. ಕಿವಿ ಚೆನ್ನಾಗಿ ಕೇಳುತ್ತೆ. ಒತ್ತು."

ಒತ್ತಿದೆ. ಬೀಪ್ ಅಂತು. ಆ ಬೀಪ್ ಅಷ್ಟು ಇಂಪಾಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಂದು ವಾರದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ಕೈ ಹಿಡಿದುಕೊಂಡು ಹೊರಗೆ ಬಂದು, ಸ್ಕೂಲಿನ ಹಿಂಬದಿಯ ನೆರಳಿನಲ್ಲಿ ಮೆಟ್ಟಿಲ ಮೇಲೆ ಕೂತೆವು. ನನಗೆ ನಗು ತಡೆಯಲಾಗಲಿಲ್ಲ. ಮಾಮನಿಗೂ.

"ಎಷ್ಟು ದಿನದಿಂದ ಮಾಮ?"

"ಇದು ಮೂರನೇ ಸಲ." ನನಗಿಂತ ಒಂದು ಚುನಾವಣೆ ಮುಂದೆ!

"ಯಾಕೆ?"

ಮಾಮ ಕನ್ನಡಕ ಸರಿಮಾಡಿಕೊಂಡರು. "ವಯಸ್ಸಿದ್ದಾಗ ದೇಶ ಉದ್ಧಾರ ಮಾಡೋರು ಯಾರು ಅಂತ ನೋಡ್ತಿದ್ದೆ. ಈಗ ಡಿಸ್ಪೆನ್ಸರೀಲಿ ಬಿಪಿ ಮಾತ್ರೆ ಇಡ್ಸೋರು ಯಾರು ಅಂತ ನೋಡ್ತೀನಿ. ಕ್ವಾರ್ಟರ್ಸ್ ಬಿಟ್ಟು ಆ ಗಲ್ಲಿಯ ಬಾಡಿಗೆ ಮನೆಗೆ ಹೋದ್ಮೇಲೆ ನಮ್ಮ ಮನೆಗೆ ನೀರು ಬಂದಿದ್ದು ಹೇಗೆ ಗೊತ್ತಾ? ಬೇವಿನವರ ಹತ್ರ ಹೋದ್ರೆ ‘ಆಪ್ ತೋ ಅಪನೇ ಹೈಂ’, ನೀವು ನಮ್ಮವರೇ ಅಲ್ವಾ ಅಂತ ಟೀ ಕುಡಿಸಿ ಕಳಿಸೋರು. ಗೇಟಿನವನು ಟೀ ಕೊಡಲಿಲ್ಲ, ಪೈಪು ಹಾಕ್ಸಿಕೊಟ್ಟ."

ನೋಡಿ ಎಂಥ ತಮಾಷೆ. ನಾನು ಕ್ವಾರ್ಟರ್ಸಿನಿಂದ ಮೇಲೆ ಹತ್ತಿ ಫ್ಲ್ಯಾಟಿಗೆ ಹೋಗಿ ಪಕ್ಷ ಬದಲಿಸಿದೆ. ಮಾಮ ಕ್ವಾರ್ಟರ್ಸಿನಿಂದ ಕೆಳಗಿಳಿದು ಗಲ್ಲಿಗೆ ಹೋಗಿ ಬದಲಿಸಿದರು. ಇಬ್ಬರೂ ಬಂದು ಸೇರಿದ್ದು ಒಂದೇ ಬಟನ್ನಿಗೆ. ಟಿವಿಯಲ್ಲಿ ಕೂತು ಈ ವರ್ಗದವರು ಹೀಗೆ, ಆ ವಯಸ್ಸಿನವರು ಹಾಗೆ ಅಂತ ಲೆಕ್ಕ ಹೇಳುವ ಪಂಡಿತರಿಗೆ ನಮ್ಮಿಬ್ಬರನ್ನು ಯಾವ ಖಾನೆಗೆ ಹಾಕಬೇಕೋ ತಿಳಿಯಲಿಕ್ಕಿಲ್ಲ. ಹಾಗಂತ ಪಕ್ಷ ಬದಲಿಸಿದ್ದು ಸಿದ್ಧಾಂತಕ್ಕಾಗಿ ಅಂತ ಎದೆ ತಟ್ಟಿಕೊಳ್ಳುವುದಕ್ಕೂ ನನಗೆ ನಾಚಿಕೆ. ಮನೆ ಬದಲಾಯಿತು, ಮನೆಯ ತೊಂದರೆಗಳು ಬದಲಾದವು. ಅದರ ಹಿಂದೆಯೇ ವೋಟೂ ಹೋಯಿತು.

ಈಗ ನನಗೂ ಧೈರ್ಯ ಬಂದಿತ್ತು. "ಮಾಮ, ನನ್ನದೂ..." ಅಂತ ಶುರುಮಾಡಿದೆ.

"ಗೊತ್ತಮ್ಮ."

"ಏನು ಗೊತ್ತು?"

"ನಿಮ್ಮನೇಲಿ ಇನ್ವರ್ಟರ್ ಹಾಕ್ಸಿದ ದಿನವೇ ಗೊತ್ತಾಯ್ತು. ಕ್ವಾರ್ಟರ್ಸ್‌ನಲ್ಲಿ ಕರೆಂಟ್ ಹೋದ್ರೆ ಎಲ್ಲಾರೂ ಬೀಸಣಿಗೆ ಹಿಡ್ಕೊಂಡು ಮೆಟ್ಟಿಲ ಮೇಲೆ ಬಂದು ಕೂರ್ತಿದ್ವಿ. ಒಟ್ಟಿಗೆ ಬೈತಿದ್ವಿ, ಒಟ್ಟಿಗೆ ವೋಟೂ ಹಾಕ್ತಿದ್ವಿ. ನಿನಗೀಗ ಕರೆಂಟ್ ಹೋಗಿದ್ದೇ ಗೊತ್ತಾಗಲ್ಲ. ನೀನು ಇನ್ನು ನಮ್ಮ ಮರದ ಕೆಳಗೆ ಯಾಕೆ ಇರ್ತೀಯ?"

ಎಲ್ಲ ಗೊತ್ತಿದ್ದೂ ನನ್ನನ್ನೇ ಕರೆದಿದ್ದರು! ಒಂದು ವಾರ ನಿದ್ದೆಗೆಟ್ಟದ್ದಕ್ಕೆ ಯಾರನ್ನು ಬೈಯಲಿ? ಸಿಟ್ಟು ಬರಲಿಲ್ಲ. ಆ ಮೆಟ್ಟಿಲ ಮೇಲೆ, ಆ ಬಿಸಿಗಾಳಿಯಲ್ಲಿ, ಅಷ್ಟು ಹಾಯೆನಿಸಿದ್ದು ಎಷ್ಟೋ ವರ್ಷಗಳ ಮೇಲೆ.

"ಹಾಗಾದ್ರೆ ಆ ಮೇಜಿನ ಹಿಂದೆ ಯಾಕೆ ಕೂರ್ತೀರಿ?"

"ಇನ್ನೆಲ್ಲಿ ಕೂರಲಿ? ಸರ್ದಾರ್ಜಿ ಅಲ್ಲೇ ಕೂರ್ತಾನೆ, ನಮ್ಮ ಆಫೀಸಿನ ಬಿಷ್ಟ್ ಅಲ್ಲೇ ಕೂರ್ತಾನೆ. ಗೇಟಿನ ಮೇಜಲ್ಲಿ ನನಗೆ ಯಾರು ಪರಿಚಯ? ಎಲ್ಲ ಮೊಬೈಲ್ ಹಿಡಿದ ಹುಡುಗರು. ನನ್ನ ಗೆಳೆಯರನ್ನ ಬಿಟ್ಟು ಅವರ ಜೊತೆ ಕಚೋರಿ ತಿನ್ನಲಾ?"

ನ್ಯಾಯವಾದ ಮಾತು. ಆದರೆ ಒಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳಲು ಸ್ವಲ್ಪ ಹಿಂಜರಿದೆ. ಕೇಳಿಯೇಬಿಟ್ಟೆ.

"ಮಾಮ, ಮತ್ತೆ ಅಜಿತನ ಮೇಲೆ ಯಾಕೆ ಸಿಟ್ಟು? ಅವನೂ ಗೇಟು, ನೀವೂ ಗೇಟು!"

"ಸ್ಟಿಕ್ಕರಿಗೆ ಅಲ್ಲಮ್ಮ," ಅಂದರು ಮಾಮ. "‘ಮಾವ, ನಿಮ್ಮ ಜನರೇಶನ್ ಯೋಚನೇನೇ ಮಾಡಲ್ಲ, ಕಣ್ಣು ಮುಚ್ಕೊಂಡು ಒಂದೇ ಬಟನ್ ಒತ್ತುತ್ತೆ’ ಅಂದ. ಅದಕ್ಕೆ ಮುಂಚೇನೇ ನಾನು ಬದಲಾಗಿದ್ದೆ. ಜೀವಮಾನದ ಪಕ್ಷ ಬಿಡೋಕೆ ಎಷ್ಟು ಸಂಕಟಪಟ್ಟಿದ್ದೆ ಅಂತ ನನಗೇ ಗೊತ್ತು. ಯೋಚನೆ ಮಾಡಲ್ಲ ಅಂದುಬಿಟ್ಟನಲ್ಲ! ಉತ್ತರ ಕೊಡೋಣ ಅಂದ್ರೆ ಗುಟ್ಟು ಬಿಡಬೇಕು. ಬಿಟ್ರೆ, ‘ನೋಡಿದ್ರಾ, ಕೊನೆಗೆ ನಮ್ಮ ಕಡೆಗೇ ಬಂದ್ರಿ’ ಅಂತಾನೆ. ಅದಕ್ಕೇ ಎದ್ದು ಬಂದೆ."

ಎಲ್ಲರೂ ಪಕ್ಷದ ಜಗಳ ಅಂದುಕೊಂಡಿದ್ದೆವು. ಮಾಮಿಯೂ, ಸುಧಾಳೂ, ನಾನೂ. ಸ್ಟಿಕ್ಕರ್ ಕಿತ್ತರೆ ಸರಿಹೋಗುತ್ತದೆ ಅಂತ ಸುಧಾ ಎಷ್ಟು ಸಲ ಗಂಡನ ಜೊತೆ ಜಗಳವಾಡಿದ್ದಾಳೋ!

"ಮಾಮ, ಅವನಿಗೆ ಹೇಳಿಬಿಡಿ. ಇಷ್ಟಕ್ಕೆಲ್ಲ ಮಗಳ ಮನೆ ಊಟ ಬಿಡ್ತಾರಾ?"

"ನೋಡೋಣ," ಅಂದರು. ಮಾಮನ "ನೋಡೋಣ" ಅಂದರೆ ಮುಕ್ಕಾಲು ಪಾಲು ಒಪ್ಪಿಗೆ.

ಮುಂದಿನ ಭಾನುವಾರ ನಾನೇ ಕಾರಿನಲ್ಲಿ ಮಾಮ, ಮಾಮಿಯನ್ನು ಕೂರಿಸಿಕೊಂಡು ಯಮುನೆಯ ಸೇತುವೆ ದಾಟಿ ನೋಯ್ಡಾಕ್ಕೆ ಹೋದೆ. ದಾರಿಯುದ್ದಕ್ಕೂ ಮಾಮ ತಮ್ಮಷ್ಟಕ್ಕೆ ತಾವೇ ಏನೋ ತಾಲೀಮು ಮಾಡುತ್ತಿದ್ದರು. ಸೊಸೈಟಿಯ ಗೇಟಿನಲ್ಲಿ ಅಜಿತನೇ ನಿಂತಿದ್ದ. ಮಾಮನನ್ನು ಕಾರಿನಿಂದ ಇಳಿಸುತ್ತಲೇ ಕಾಲಿಗೆ ಬಿದ್ದ. "ಸಾರಿ ಮಾವ. ಅವತ್ತು ಹಾಗೆ ಅನ್ನಬಾರದಿತ್ತು. ನಿಮ್ಮ ಪಾರ್ಟಿ ಬಗ್ಗೆ ಇನ್ನು ಏನೂ ಮಾತಾಡಲ್ಲ, ಪಕ್ಕಾ," ಅಂದ. ಮಾಮ ಏನೋ ಹೇಳಲು ಬಾಯಿ ತೆರೆದರು. ಹಾಗೇ ಮುಚ್ಚಿಕೊಂಡರು. ಅವನ ತಲೆಯ ಮೇಲೆ ಕೈಯಿಟ್ಟರು. ಸುಧಾ ಬಾಲ್ಕನಿಯಿಂದ ನೋಡುತ್ತಿದ್ದವಳು ಒಳಗೆ ಓಡಿದಳು, ಒಗ್ಗರಣೆ ಸೀಯುತ್ತಿತ್ತೋ ಅಳು ಬಂದಿತ್ತೋ ಗೊತ್ತಿಲ್ಲ.

ಊಟ ಗಡದ್ದಾಗಿತ್ತು. ಮಾಮ ಹುಳಿ ಎರಡು ಸಲ ಹಾಕಿಸಿಕೊಂಡರು. ಅಳಿಯ ಊಟ ಪೂರ್ತಿ ಕ್ರಿಕೆಟ್ ಬಿಟ್ಟು ಬೇರೆ ಮಾತೇ ಎತ್ತಲಿಲ್ಲ. ಊಟವಾದ ಮೇಲೆ ಅವನೇ ಮಾವನ ಕಣ್ಣಿಗೆ ಡ್ರಾಪ್ಸ್ ಹಾಕಿದ.

ವಾಪಸು ಬರುವಾಗ ಮಾಮಿ ಹಿಂದಿನ ಸೀಟಿನಲ್ಲಿ ನಿದ್ದೆಹೋದರು. ನಾನು ಮೆಲ್ಲಗೆ ಕೇಳಿದೆ: "ಹೇಳಿದ್ರಾ ಮಾಮ?"

"ಊಟಕ್ಕೆ ಮುಂಚೆ ಹೇಳೋದು ಸರಿ ಅಲ್ಲ ಅನ್ನಿಸ್ತು."

"ಊಟ ಆದ್ಮೇಲೆ?"

"ಊಟ ಆದ್ಮೇಲೆ ಬೇಕು ಅನ್ನಿಸಲಿಲ್ಲ."

ಮತದಾನ ಗುಪ್ತವಾಗಿರಬೇಕು ಎಂದು ಕಾನೂನು ಮಾಡಿದ ಪುಣ್ಯಾತ್ಮರಿಗೂ ಒಬ್ಬ ಅಳಿಯ ಇದ್ದಿರಬೇಕು, ಅಲ್ಲವೇ?